ಸ್ಲೈಡಿಗೆ ಮೂವತ್ತು ರೂಪಾಯಿ

ತುಮಕೂರು ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ
ಜೆರಾಕ್ಸ್ ಯಂತ್ರದ ಬಿಸಿಗಾಳಿಗೆ ಬೆನ್ನು ಕೊಟ್ಟು
ನಾನು ಮಾಡುವ ಕಸುಬು ಇದು:
ಬೇರೆಯವರ ಆಸೆಗೆ ಬಾಣದ ಗುರುತು ಹಾಕುವುದು,
ಅವರ ಲೆಕ್ಕವನ್ನು ದುಂಡಗೆ ಬರೆದು, ಹೋಳು ಮಾಡಿ
ಹೋಳುಹೋಳಿಗೂ ಬಣ್ಣ ಬಳಿಯುವುದು.
ಇಟ್ಟಿಗೆ ಗೂಡಿನವರು, ಕೋಳಿ ಫಾರಂನವರು,
ಬೋರ್‌ವೆಲ್ ಲಾರಿ ಕೊಳ್ಳಹೊರಟವರು,
ಎಲ್ಲರದೂ ಕೊನೆಗೆ ಅದೇ ಕೈಕುಲುಕುವ ಚಿತ್ರ,
ಕೆಳಗೆ ‘ಧನ್ಯವಾದಗಳು’.

ಮಾರ್ಚ್ ತಿಂಗಳ ಮಧ್ಯಾಹ್ನ ಗಂಗಹನುಮಕ್ಕ ಬಂದಳು,
ಕೊರಟಗೆರೆ ಕಡೆಯವಳು. ಹಿಂದೆ ಸಂಘದ ಇಬ್ಬರು.
ಮೂವರ ಉಗುರಿನ ಸಂದಿಯಲ್ಲೂ ಹುಣಸೆಯ ಕಂದು.
‘ಹಣ್ಣು ಇಡೋಕೆ ತಣ್ಣನೆ ಕೋಣೆ ಬೇಕಪ್ಪ.
ಶುಕ್ರವಾರ ಬ್ಯಾಂಕಿನೋರು ಕರೆದವ್ರೆ.
ಅದೇನೋ ತೋರಿಸ್ಕೊಂಡು ಮಾತಾಡಬೇಕಂತೆ.’

ಹದಿನಾಲ್ಕು ಸ್ಲೈಡು ಮಾಡಿದೆ.
ಸದಸ್ಯರ ಸಂಖ್ಯೆ, ಷೇರು ಧನ, ವಾರ್ಷಿಕ ವಹಿವಾಟು,
ಐದು ವರ್ಷದ ಮುನ್ನೋಟ: ಎಡದಿಂದ ಬಲಕ್ಕೆ
ಎತ್ತರವಾಗುತ್ತಲೇ ಹೋಗುವ ಕಂಬಗಳು.
ನನ್ನ ಅಂಗಡಿಯಲ್ಲಿ ಯಾರ ಕಂಬವೂ ಕುಸಿದದ್ದಿಲ್ಲ.

ಆಕೆ ಸ್ಕ್ರೀನಿನ ಹತ್ತಿರ ಮೂಗು ತಂದು
ಬಹಳ ಹೊತ್ತು ನೋಡಿದಳು.
‘ಎಲ್ಲಾ ಐತೆ. ಹಣ್ಣು ಯಾವಾಗ ಕಪ್ಪಾಯ್ತು
ಅನ್ನೋದೊಂದಿಲ್ಲ.’

ಹೇಳಿ ಅಂದೆ. ಹೇಳಿದಳು.
ಹೋದ ವರ್ಷ ಕುಟ್ಟಿ, ನಾರು ಬಿಡಿಸಿ, ಬೀಜ ತೆಗೆದು
ಬಂದ ಬೆಲೆಗೆ ಕೊಡಲೊಲ್ಲದೆ
ಚಿಕ್ಕೀರಮ್ಮನ ಅಟ್ಟದಲ್ಲಿ ಇಟ್ಟದ್ದು;
ಶ್ರಾವಣದಲ್ಲಿ ಬೆಲೆ ಏರಿತೆಂದು ಚೀಲ ಬಿಚ್ಚಿದರೆ
ಕೆಂಪು ಹೋಗಿ ಹೊಗೆ ಹಿಡಿದ ಗೋಡೆಯ ಬಣ್ಣ;
ಮಂಡಿಯವನು ಕೈಯಲ್ಲಿ ಮುಟ್ಟದೆ, ಕಡ್ಡಿಯಲ್ಲಿ ಚುಚ್ಚಿ
‘ಹಿತ್ತಾಳೆ ಬೆಳಗೋಕೆ ಚೆನ್ನಾಗೈತೆ’ ಅಂದದ್ದು;
ವಾಪಸು ಬರುವಾಗ ಬಸ್ಸಿನಲ್ಲಿ
ಹೆಂಗಸರಿಗೆ ಪುಕ್ಕಟೆ,
ಮಾರಾಟವಾಗದ ಚೀಲಕ್ಕೆ ಮಾತ್ರ
ಕಾಸು ಕೊಟ್ಟು ಲಗೇಜು ಟಿಕೆಟ್ಟು ಹರಿಸಿದ್ದು.

ಇದನ್ನು ಯಾವ ಸ್ಲೈಡಿಗೆ ಹಾಕಲಿ?
ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೊಂದೇ ಅಳಿಸತೊಡಗಿದೆ.
ಮುನ್ನೋಟ ಹೋಯಿತು. ಧ್ಯೇಯೋದ್ದೇಶ ಹೋಯಿತು.
ಕೈಕುಲುಕುವವರೂ ಎದ್ದು ಹೋದರು.
ಮೂರು ಉಳಿದವು: ಹಣ್ಣು, ಬೇಕಾದ ಹಣ, ತೀರಿಸುವ ಬಗೆ.
ಒಂದೊಂದು ಅಳಿಸಿದಾಗಲೂ ಮೂವತ್ತು ರೂಪಾಯಿ
ನನ್ನ ಜೇಬಿನಿಂದ ಇಳಿದುಹೋಗುವ ಸದ್ದು
ನನಗೊಬ್ಬನಿಗೇ ಕೇಳಿಸುತ್ತಿತ್ತು.

ಶುಕ್ರವಾರ ಲ್ಯಾಪ್‌ಟಾಪ್ ಒತ್ತಲು ನಾನೂ ಹೋದೆ.
ಐವರು ಅಧಿಕಾರಿಗಳು, ಊಟ ಮುಗಿಸಿದ ಕಣ್ಣು.
ಆಕೆ ಸೆರಗಿನ ಗಂಟು ಬಿಚ್ಚಿ
ಮೇಜಿನ ಗಾಜಿನ ಮೇಲೆ ಎರಡು ಉಂಡೆ ಇಟ್ಟಳು.
ಒಂದು ಹೊಸ ಬೆಲ್ಲದ ಬಣ್ಣ, ಒಂದು ಇದ್ದಿಲು.
‘ಎರಡೂ ಒಂದೇ ಮರದ್ದು.’
ಐದೂ ಗಂಟಲು ಒಟ್ಟಿಗೆ ಎಂಜಲು ನುಂಗಿದವು.
ನನ್ನ ಯಾವ ಅನಿಮೇಷನ್ನಿಗೂ
ಯಾರ ಗಂಟಲೂ ಹಾಗೆ ಅಲುಗಿದ್ದಿಲ್ಲ.

ಅಟ್ಟದಿಂದ ಮಂಡಿಗೆ, ಮಂಡಿಯಿಂದ ಬಸ್ಸಿಗೆ
ಅವಸರವಿಲ್ಲದೆ ಅವರನ್ನು ನಡೆಸಿಕೊಂಡು ಹೋದಳು.
ಲಗೇಜು ಟಿಕೆಟ್ಟಿನ ಹತ್ತಿರ ಬಂದಾಗ
ಕೊನೆಯ ಕುರ್ಚಿಯವರು ಫೋನು ಬೋರಲು ಹಾಕಿದರು.

ಕನ್ನಡಕದವರೊಬ್ಬರು ಮಾತ್ರ ಕಪ್ಪು ಉಂಡೆ ಮೂಸಿ
‘ಇದು ಹೋದ ವರ್ಷದ್ದೇನಮ್ಮಾ?’ ಅಂದರು.

‘ಅಲ್ಲ ಸಾಮಿ, ಮೂರು ವರ್ಷದ್ದು.
ಹೋದ ವರ್ಷದ್ದು ಇದರರ್ಧ ಕಪ್ಪು.
ನೀವು ದೂರ ಕೂತಿರ್ತೀರಿ ಅಂತ
ಕಾಣೋವಂಥದ್ದು ತಂದೆ.’

ನನ್ನ ಬೆರಳು ಬೆವೆತಿತು. ಯಾರೋ ನಕ್ಕರು.
ಆಕೆ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ
ಮೂರನೆಯ ಉಂಡೆ ತೆಗೆದು, ಎರಡರ ನಡುವೆ ಇಟ್ಟಳು.
ಯಾರಾದರೂ ಕೇಳಲಿ ಎಂದೇ ತಂದಿದ್ದಳೋ,
ಕೇಳದಿರಲಿ ಎಂದು ಬಚ್ಚಿಟ್ಟಿದ್ದಳೋ,
ನಾನು ಕೇಳಲಿಲ್ಲ.

‘ಇನ್ನೊಂದು ಕೊಟೇಶನ್ ತನ್ನಿ’ ಅಂದರು ಸಾಹೇಬರು.
ಅದು ಹ್ಞೂಂ ಅಲ್ಲ. ಉಹ್ಞೂಂ ಕೂಡ ಅಲ್ಲ.

ಹೊರಗೆ ಬಂದು ತೊಂಬತ್ತು ರೂಪಾಯಿ ಎಣಿಸಿ ಕೊಟ್ಟಳು,
ಮೇಲೊಂದು ಕೆಂಪು ಉಂಡೆ, ಸಾರಿಗೆ.

ಆ ಸಂಜೆ ಅಂಗಡಿಯ ಬೋರ್ಡಿನಲ್ಲಿ
‘ಸ್ಲೈಡಿಗೆ ಮೂವತ್ತು ರೂಪಾಯಿ’ ಎಂಬುದರ ಕೆಳಗೆ
ಮಾರ್ಕರಿನಲ್ಲಿ ಸೇರಿಸಿದೆ:
ತೆಗೆದದ್ದಕ್ಕೂ.