ಶೇಷ

ಟಾಲಿನ್ನಿಂದ ತಿಂಗಳಿಗೊಂದೇ ಸಾಲು ಬರುತ್ತದೆ:
ಫೆಬ್ರವರಿ, ಹದಿನಾಲ್ಕು ಸಾವಿರ ಟಿಕೆಟ್ಟು.
ಕೋಷ್ಟಕದಲ್ಲಿ ಅದು ಹೋಗಿ ಕೂರುವುದು
ಒಂದನೇ ತಾರೀಖಿನ ತಲೆಯ ಮೇಲೆ.

ಪಾಪ, ಆ ಒಂದನೇ ತಾರೀಖು!
ಇಡೀ ತಿಂಗಳು ಹೊತ್ತು
ಬೆಳಗಾಗುವ ಮೊದಲೇ ಸೋತಿರುತ್ತದೆ.
ಉಳಿದ ಇಪ್ಪತ್ತೇಳು ದಿನಗಳ ದುಡಿಮೆಗೆ
ಹೇಳುವವರಿಲ್ಲ, ಕೇಳುವವರಿಲ್ಲ.

ನಡುವೆ ಒಂದು ಕ್ಯಾಲೆಂಡರ್ ಇಳಿಸಿದೆ,
ದಡಕ್ಕೂ ದೋಣಿಗೂ ಹಲಗೆ ಹಾಸುವ ಹಾಗೆ.
ಇಪ್ಪತ್ತೆಂಟರಿಂದ ಭಾಗಿಸಿ
ಪಂಕ್ತಿಭೇದವಿಲ್ಲದೆ ಬಡಿಸಿದೆ:
ದಿನಕ್ಕೆ ಐನೂರು.

"ಭಾನುವಾರಕ್ಕೂ ಐನೂರೇ, ಮಾರಿಕಾ?"
ಕಾಫಿಗೆ ಬಂದ ಕಾಲ್ಯು ಪರದೆಗೆ ಬಗ್ಗಿ ನಕ್ಕ.
ಅವನ ಗಡ್ಡದ ಹಿಮ ಕರಗಿ
ಕೀಲಿಮಣೆಯ ಮೇಲೆ ಎರಡು ಹನಿ.

ಒಂಬತ್ತಕ್ಕೆ ಸಮುದ್ರ ಹೆಪ್ಪುಗಟ್ಟಿತು. ಸೊನ್ನೆ.
ಹತ್ತಕ್ಕೂ ಸೊನ್ನೆ.
ಕೆಂಪು, ಮತ್ತೆ ಕೆಂಪು.
ಹದಿನೇಳಕ್ಕೆ ಒಮ್ಮೆಲೇ ಒಂಬೈನೂರ ನಲವತ್ತು!
ಹಸಿರು ಕಂಡು ಟಾಲಿನ್ ಫೋನು ಮಾಡಿತು:
ಭೇಷ್, ಏನು ಕಾರಣ?

ದ್ವೀಪದ ಶಾಲೆಯ ಹಿಲ್ಯಾ ಟೀಚರ್ ತೀರಿಕೊಂಡಿದ್ದರು.
ಅವರ ಬಳಿ ಮಗ್ಗಿ ಕಲಿತವರೆಲ್ಲ
ಅಂದು ದೋಣಿ ಹತ್ತಿದ್ದರು.
ನಾನೂ.
ಹೂವಿಗೆ ಟಿಕೆಟ್ಟಿರಲಿಲ್ಲ, ಎಣಿಸಲಿಲ್ಲ.

ನನ್ನ ಕೋಷ್ಟಕದಲ್ಲಿ ಷರಾ ಬರೆಯಲು ಜಾಗವಿಲ್ಲ.
"ಮತ್ತೆ ಆಗುವಂಥದ್ದಲ್ಲ" ಎಂದಷ್ಟೇ ಹೇಳಿ
ಫೋನಿಟ್ಟೆ.

ಈಗ ಮಾರ್ಚಿ ಬಂದಿದೆ, ಹದಿನಾರು ಸಾವಿರ.
ಮೂವತ್ತೊಂದರಿಂದ ಭಾಗಿಸಿದರೆ
ದಿನಕ್ಕೆ ಐನೂರ ಹದಿನಾರು, ಶೇಷ ನಾಲ್ಕು.
ದಶಮಾಂಶ ಮಾಡಿ ಹಂಚಿಬಿಡಬಹುದು, ಯಂತ್ರಕ್ಕೇನು.

ಶೇಷ ಅಳಿಸಿದರೆ ಕಿವಿ ಹಿಂಡುತ್ತಿದ್ದರು ಟೀಚರ್.

ನಾಲ್ಕನ್ನೂ
ಹದಿನೇಳನೇ ತಾರೀಖಿಗೆ ಕೊಟ್ಟೆ.