ಮೂರನೇ ಸಾಲಿನ ಗುಳಿ

ಪಾಳಿ ಹನ್ನೊಂದಕ್ಕೆ. ಅದಕ್ಕೆ ಮುಂಚೆ
ನೀಲಿ ಸಮವಸ್ತ್ರದಲ್ಲೇ ಬಂದ ಉರ್ಪೊ,
ತಾಂಪೆರೆಯ ಟ್ರಾಮು ಓಡಿಸುವವನು.
ಏಪ್ರಿಲ್ ಕೊನೆಯ ಕೊಳೆ ಹಿಮ ಬೂಟಿನಿಂದ ಕೊಡವಿ
"ನೋಡಬಹುದಾ?" ಅಂದ.

ಎರಡು ವರ್ಷದ ಹಿಂದೆ ಅವನ ತೋಳಿನಿಂದ
ಹೆಸರುಕಾಳಿನಷ್ಟು ಚರ್ಮ ತೆಗೆದಿದ್ದೆವು.
ತಾನು ಚರ್ಮ ಎಂಬುದನ್ನು ಅದಕ್ಕೆ ಮರೆಸಿ,
ಎದೆಯಾಗು ಎಂದು ಪುಸಲಾಯಿಸಿ,
ದಿನ ಬಿಟ್ಟು ದಿನ ಗುಲಾಬಿ ಬಣ್ಣದ ದ್ರವ ಬದಲಿಸಿ
ಕಾದೆವು. ಹನ್ನೊಂದನೇ ಬೆಳಿಗ್ಗೆ
ಯಾರೂ ಹೇಳದೆ ಬಡಿಯತೊಡಗಿತ್ತು.
ಲಾಗ್ ಪುಸ್ತಕದ ಆ ಪುಟದಲ್ಲಿ
ನಾನು ಚೆಲ್ಲಿದ ಕಾಫಿಯ ಕಲೆ ಈಗಲೂ ಇದೆ.

ಅಳಗುಳಿ ಮಣೆಯ ಹಾಗೆ ಪ್ಲಾಸ್ಟಿಕ್ ತಟ್ಟೆ,
ಮುನ್ನೂರ ಎಂಬತ್ತನಾಲ್ಕು ಗುಳಿ.
ಹುಣಸೆಬೀಜದ ಬದಲು
ಒಂದೊಂದರಲ್ಲೂ ಒಂದು ಚೂರು ಉರ್ಪೊ.

ಕ್ಯಾಮೆರಾ ಕೆಳಗಿನಿಂದ ನೋಡುತ್ತದೆ.
ಕ್ಯಾಲ್ಸಿಯಂ ಉಕ್ಕಿದರೆ ಹಸಿರು ಹೊತ್ತುತ್ತದೆ,
ಇಳಿದರೆ ಆರುತ್ತದೆ.
ಹಾಲಿನ ಕೆನೆಗೆ ಉಫ್ ಅಂದ ಹಾಗೆ
ಇಡೀ ಪೊರೆ ಮುದುಡಿ, ಬಿಡುತ್ತದೆ.

ಮಣಿಕಟ್ಟು ಹಿಡಿದು ಎಣಿಸಿದ.
"ತಾಳ ಕೂಡುತ್ತಿಲ್ಲ."
ಕೂಡಬೇಕಿಲ್ಲ, ಅಂದೆ. ಅವಕ್ಕೆ ನೀವು ಗೊತ್ತೇ ಇಲ್ಲ.

ಮೂರನೇ ಸಾಲಿನಲ್ಲಿ ಅವನ ಬೆರಳು ನಿಂತಿತು.
ಎಡದಿಂದ ಬಲಕ್ಕೆ ಮದ್ದು ಏರುತ್ತದೆ ಅಲ್ಲಿ:
ಮೊದಲ ಗುಳಿ ಸಲೀಸು, ನಾಲ್ಕನೆಯದು ಆರಲು ತಡ,
ಆರನೆಯದು ಅರ್ಧ ಆರಿ, ಮತ್ತೆ ಹೊತ್ತಿ,
ಎಡವಿ, ಕುಂಟಿ, ಕಂಪಿಸಿ
ಒಂಬತ್ತನೆಯದು ಸುಮ್ಮನೆ.

"ಯಾವ ಕಾಯಿಲೆಯದು?"
ಸೀನಿಗೆ, ಅನ್ನಬೇಕಾಯಿತು. ಬರ್ಚ್ ಮರದ ಪರಾಗಕ್ಕೆ.
ಇನ್ನೂ ಹೆಸರಿಡದ ಮಾತ್ರೆ, ಬರೀ ನಂಬರು.

ಅವನ ತಂಗಿ ಹಿಲ್ಕಾ, ಇಪ್ಪತ್ತಾರು, ಮೇ ತಿಂಗಳು,
ಸರೋವರದ ದಂಡೆ, ಇಂಥದ್ದೇ ಒಂದು ಮಾತ್ರೆ ಬ್ಯಾಗಿನಲ್ಲಿ.
ಅಣ್ಣ ತಂಗಿ ಇಬ್ಬರ ಎದೆಯಲ್ಲೂ ಒಂದೇ ಅಕ್ಷರದೋಷ.
ಇಷ್ಟು ಫೈಲಿನಲ್ಲಿದೆ.
ಬಿದ್ದ ಸೈಕಲ್ಲಿನ ಚಕ್ರ ಇನ್ನೂ ತಿರುಗುತ್ತಿತ್ತು
ಎಂಬುದು ಫೈಲಿನಲ್ಲಿಲ್ಲ. ಈಗ ಹೇಳಿದ.

ಒಂಬತ್ತನೆಯದನ್ನೇ ನೋಡುತ್ತ ನಿಂತ.
"ಇದೂ ನಾನೇ ಅಲ್ಲವಾ," ಅಂದ. ಆಮೇಲೆ,
"ಪರವಾಗಿಲ್ಲ. ಇಲ್ಲಿ ಸಾಯುವುದು ಅಗ್ಗ."

ನಂಬರಿನ ಮೇಲೆ ಕೆಂಪು ಗೆರೆ ಎಳೆದೆ.
ಸಂಜೆ ತಟ್ಟೆಗೆ ಬ್ಲೀಚು ಸುರಿಯುತ್ತೇವೆ.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಬಾಗಿಲಲ್ಲಿ ನಿಂತು ಜೋರಾಗಿ ಸೀನಿದ.
ಒಂದು ಕ್ಷಣ ಇಬ್ಬರೂ ಉಸಿರು ಹಿಡಿದೆವು.
ಆರೋಗ್ಯ, ಅಂದೆ. ಸೀನಿದವರಿಗೆ
ನಮ್ಮೂರಲ್ಲಿ ಅನ್ನುವುದೇ ಹಾಗೆ.
ಚುಕ್ಕೆ ಕಲೆಯ ತೋಳಿಗೆ ಮೂಗು ಒರೆಸಿಕೊಂಡು
ಮೆಟ್ಟಿಲು ಇಳಿದ, ಹನ್ನೊಂದಕ್ಕೆ ಐದು ನಿಮಿಷ.