ಕೂಗಿ ಹೇಳಿದ ಕಿವಿಮಾತು

ಬಾ ಯತಿನ್, ಹೊಟ್ಟಿನ ರಾಶಿಯಾಚೆ ಹೋಗುವ.
ಒಳಗಾದರೆ ಕೂಗಬೇಕು,
ಕೂಗಿ ಹೇಳಿದ್ದು ಕಿವಿಮಾತಾಗುವುದು ಹೇಗೆ?

ಕೂಡ್ಲೂರಿನ ಈ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ
ಹಲ್ಲರಿನ ಬಾಯಿಗೆ ರೊಬಸ್ಟಾ ಸುರಿದವನು ನಾನು, ಮೊಯ್ದು.
ಕಾಫಿಯ ಸಿಪ್ಪೆ ಸುಲಿಯುವ ಮಿಷನ್ನು
ನನ್ನನ್ನೂ ಸುಲಿಯುತ್ತಿತ್ತು, ದಿನಕ್ಕೊಂದು ತೆಳು ಪದರ,
ನೋವೇ ಇಲ್ಲದೆ. ಅದೇ ಅದರ ಮೋಸ.
ಬೆರಳು ಹೋಗಿದ್ದರೆ ರಕ್ತ ಬರುತ್ತಿತ್ತು,
ಮಡಿಕೇರಿ ಆಸ್ಪತ್ರೆಗೆ ಜೀಪು ಓಡುತ್ತಿತ್ತು.

ಮೊದಲು ಹೋದದ್ದು ಸಕಾರ.
ಅದರ ಹಿಂದೆಯೇ ಶಕಾರ.
ಸ್ವರಗಳು ಉಳಿದವು, ಅ ಆ ಇ ಈ,
ನನ್ನನ್ನು ಮತ್ತೆ ಒಂದನೇ ಕ್ಲಾಸಿನಲ್ಲಿ ಕೂರಿಸಿದ ಹಾಗೆ.
ಸೊಸೆ ಸಾಜಿದಾ ಚಾ ಹಿಡಿದು ನಿಂತು
‘ಸಕ್ಕರೆ ಬೇಕಾ?’ ಅಂದಳಂತೆ.
ನನಗೆ ಕೇಳಿದ್ದು, ‘ಅಕ್ಕರೆ ಬೇಕಾ?’
ಇದ್ದಷ್ಟೂ ಕೊಡಮ್ಮ ಅಂದೆ.
ಮೂರು ಚಮಚ ಸುರಿದಳು, ಶುಗರಿನವನ ಲೋಟಕ್ಕೆ.
ಮನೆಯೆಲ್ಲ ನಕ್ಕಿತು. ಯಾಕೆಂದು ತಿಳಿಯದೆ ನಾನೂ ನಕ್ಕೆ.
ಈಚೆಗೆ ನನ್ನ ನಗುವೆಲ್ಲ ಅದೇ ಜಾತಿಯದು.

ಹೋದ ಕುಯ್ಲಿನಲ್ಲಿ, ರಾತ್ರಿ ಪಾಳಿ ಮುಗಿಸಿ
ನಂಜರಾಯಪಟ್ಟಣದ ತೋಟದ ದಾರಿ ಹಿಡಿದಿದ್ದೆ.
ಎಲ್ಲೋ ಗುಡುಗುಡು. ಲಾರಿ ಅಂದುಕೊಂಡೆ.
ಆನೆಯ ಹೊಟ್ಟೆ ಅದು.
ದಪ್ಪ ಸದ್ದು ನನಗೆ ಇನ್ನೂ ಕೇಳುತ್ತದೆ ಮಾರಾಯ,
ಪಕ್ಕದಲ್ಲೇ ಒಣಕಡ್ಡಿ ಲಟಕ್ಕೆಂದದ್ದು ಕೇಳಲಿಲ್ಲ.
ಲೈನ್‌ಮನೆಯ ಬೊಳಕ ಕಾಲರಿಗೆ ಕೈ ಹಾಕಿ ಎಳೆದ,
ಆಮೇಲೆ ಟಾರ್ಚಿನ ಬೆಳಕಲ್ಲಿ ಬಹಳ ಹೊತ್ತು ಬೈದ.
ತುಟಿ ನೋಡಿ ಓದಿಕೊಂಡೆ. ಒಳ್ಳೆಯ ಬೈಗುಳವೇ.

ನೀನು ಕೇಳುವುದು ಗೊತ್ತು:
ಕಿವಿ ಮುಚ್ಚಿದರೆ ಬೇರಿಂಗ್ ಹೋದದ್ದು ತಿಳಿಯುವುದು ಹೇಗೆ?
ನಾನೂ ಅದನ್ನೇ ಹೇಳಿ ಮೀಸೆ ತಿರುವಿದವನು.
ಅಂಗೈ ಇಡು ಮಿಷನ್ನಿನ ಬೆನ್ನ ಮೇಲೆ.
ಎಮ್ಮೆಯ ಜ್ವರ ನೋಡಲು ನಿಮ್ಮಜ್ಜಿ ಕಿವಿ ಕೊಟ್ಟಳೇ, ಕೈ ಕೊಟ್ಟಳೇ?

ತಗೋ, ಈ ಕಿತ್ತಳೆ ಬಣ್ಣದ ಬೆಂಡು.
ದೀಪದ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸಿ,
ಮೇಷ್ಟ್ರು ಹಿಂಡಿದ ಹಾಗೆ ಕಿವಿ ಮೇಲಕ್ಕೆಳೆ,
ತೂರಿಸು. ಬೆರಳು ತೆಗೆಯಬೇಡ.
ಅದು ಒಳಗೆ ಉಬ್ಬಲಿ, ಇಪ್ಪತ್ತರವರೆಗೆ ಎಣಿಸು.
ಹತ್ತಿ ತುರುಕಿದರೆ ಆಗುವುದಿಲ್ಲ, ಜರಡಿಯಲ್ಲಿ ನೀರು ಹಿಡಿದಂತೆ.
ಮಿಷನ್ನಿನ ಸದ್ದು ಮೀರಿಸಲು ಮೊಬೈಲಿನ ಹಾಡು ಹಾಕುತ್ತೀಯಲ್ಲ,
ಅದು ಉರಿಯುವ ಗಾಯಕ್ಕೆ ಮೆಣಸು.

ಮಂದಣ್ಣ ಸಾಹುಕಾರರನ್ನು ಮಾತಾಡಿಸುವಾಗ
ಬಲಗಡೆ ನಿಲ್ಲು, ಇದು ಬೇರೆ ಗುಟ್ಟು.
ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡಿಟ್ಟೂ ಇಟ್ಟೂ
ಅವರ ಎಡಗಿವಿ ಮಂದ.
ಬಲಹೆಗಲಿಗೆ ಕೋವಿ ಇಡುವವರದು ಹೆಚ್ಚಾಗಿ ಹಾಗೇ.
ಸಂಬಳ ಹೆಚ್ಚಿಸಿ ಅಂತ ನಾವು ಎಡಗಡೆ ನಿಂತು ಕೇಳಿದ್ದು
ಎಷ್ಟು ವರ್ಷ!

ರಾತ್ರಿ ಎಲ್ಲ ಆಫ್ ಮಾಡಿ ಮಲಗುತ್ತೇನೆ,
ಫ್ಯಾನು, ಲೈಟು, ರೇಡಿಯೋ.
ತಲೆಯೊಳಗಿನ ಜೀರುಂಡೆಗೆ ಸ್ವಿಚ್ಚಿಲ್ಲ.
ಹೊರಗಿನ ಜೀರುಂಡೆಗಳು, ಬೇಲಿಯ ತುಂಬ ಇವೆ ಅನ್ನುತ್ತಾಳೆ ಸಾಜಿದಾ,
ಇರಬಹುದು.

ಗಂಟೆ ಹೊಡೆಯಿತಾ?
ಅಲ್ಲ, ನೀನು ತಲೆ ತಿರುಗಿಸಿದೆ,
ಅದಕ್ಕೆ ಕೇಳಿದೆ.